ದೇವದುರ್ಗದ ಬಸ್ಸಿನ ಪರಮಣ್ಣ ಮಿಸ್ತ್ರಿ

ರಾಯಚೂರು ಸ್ಟೇಷನ್ನಿನ ಹಿಂದಿನ ಷೆಡ್ಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮಾನ್ವಿಗೆ ಹೊರಡಬೇಕಾದ ಹಳೆಯ ಬಸ್ಸು ಬಾನೆಟ್ಟು ತೆರೆದುಕೊಂಡು ನಿಂತಿದೆ. ಪರಮಣ್ಣ ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು ಬೆರಳಿಗೆ ಒರೆಸಿಕೊಳ್ಳುತ್ತಾರೆ. ಕಪ್ಪಗಿರಬೇಕಾದ ಎಣ್ಣೆ ಅಂಬಲಿಯ ಹಾಗೆ ಬೆಳ್ಳಗಾಗಿದೆ.

"ಎಣ್ಣ್ಯಾಗ ನೀರು ಇಳದದ್ರಿ. ಗ್ಯಾಸ್ಕೆಟ್ ಸುಟ್ಟದ," ಎನ್ನುತ್ತ ಪಾನಾ ಹಿಡಿದು ಬೋಲ್ಟು ಬಿಚ್ಚತೊಡಗುತ್ತಾರೆ.

ಇಂಜಿನ್ನಿನ ತಲೆಗೂ ಒಡಲಿಗೂ ನಡುವೆ ಕೂರುವ ತೆಳು ತಗಡು ಈ ಗ್ಯಾಸ್ಕೆಟ್. ಒಳಗಿನ ಬೆಂಕಿ, ನೀರು, ಎಣ್ಣೆ ಒಂದಕ್ಕೊಂದು ಬೆರೆಯದಂತೆ ಕಾಯುವುದು ಅದರ ಕೆಲಸ. ಹೊಸದು ಹೈದರಾಬಾದಿನಿಂದ ಬರಬೇಕು; ಬರುವುದು ಯಾವಾಗಲೋ. ಹಾಗಾಗಿ ಪರಮಣ್ಣ ತಾಮ್ರದ ತಗಡನ್ನು ತಾವೇ ಕತ್ತರಿಸುತ್ತಾರೆ, ಕೆಂಪಗೆ ಕಾಯಿಸಿ ನೀರಿಗದ್ದಿ ಮೆತ್ತಗೆ ಮಾಡುತ್ತಾರೆ. ಬೋಲ್ಟಿನ ತೂತು ಹೊಡೆಯುವುದು ಅಪ್ಪನ ಉಳಿಯಿಂದ. ಅಪ್ಪ ದೇವದುರ್ಗದಲ್ಲಿ ಚಪ್ಪಲಿ ಹೊಲಿಯುತ್ತಿದ್ದರು.

ಐದು ವರ್ಷದ ಹಿಂದೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ತಾಮ್ರದ ತಗಡೂ ಸಿಗುತ್ತಿರಲಿಲ್ಲ. ಆಗಿನ ಮಾತನ್ನು ಪರಮಣ್ಣ ತಾವಾಗಿ ಎತ್ತುವುದಿಲ್ಲ. ಕೇಳಿದರೆ, ಕೈಯ ಕೆಲಸ ನಿಲ್ಲಿಸದೆ ಹೇಳುತ್ತಾರೆ.

ಹೆಂಡತಿ ಹುಲಗೆಮ್ಮನಿಗೆ ಚೊಚ್ಚಲ ಹೆರಿಗೆ. ನೋವು ಶುರುವಾಗಿ ಎರಡು ದಿನವಾದರೂ ಕೂಸು ಇಳಿಯಲಿಲ್ಲ. ರಾಯಚೂರಿನ ದವಾಖಾನೆಗೆ ಒಯ್ಯಿರೆಂದು ಸೂಲಗಿತ್ತಿ ಕೈಚೆಲ್ಲಿದಳು. ಅತ್ತೆ ಪಕೀರಮ್ಮನನ್ನು ಜೊತೆಗೆ ಕರೆದುಕೊಂಡು ಪರಮಣ್ಣ ದೇವದುರ್ಗದಲ್ಲಿ ಬಸ್ಸು ಹತ್ತಿದರು. ಮಸರಕಲ್ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಇಂಜಿನ್ನು ಬಿಳಿ ಹೊಗೆ ಕಾರಿ ನಿಂತಿತು. ಡ್ರೈವರ್ ಜಿಲಾನಿ ಪಾಷಾ ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುವಿದರು. ಕುದಿನೀರು ಚಿಮ್ಮಿ ಎರಡೂ ಅಂಗೈ ಬೆಂದವು. ಉಳಿದ ಪ್ರಯಾಣಿಕರು ಗಂಟುಮೂಟೆ ಹೊತ್ತು ನಡೆದುಬಿಟ್ಟರು.

ಒಳಗೆ ಹುಲಗೆಮ್ಮ ನರಳುತ್ತಿದ್ದಳು. ಆಗಲೂ ಮಿಸ್ತ್ರಿಯೇ ಆಗಿದ್ದ ಪರಮಣ್ಣ ಬಸ್ಸಿನಲ್ಲಿದ್ದ ಪಾನಾ ಹಿಡಿದು ಇಂಜಿನ್ನಿನ ತಲೆ ಬಿಚ್ಚಿ, ಹಾರನ್ನಿನ ವೈರು ಸುಲಿದು, ಅದರ ತಾಮ್ರದ ಎಳೆಗಳನ್ನು ಹೆಣೆದು ಗ್ಯಾಸ್ಕೆಟ್ಟಿನ ಸುಟ್ಟ ಜಾಗದಲ್ಲಿ ಕೂರಿಸಿದರು. ಹೇಗೋ ಬೋಲ್ಟು ಬಿಗಿದದ್ದಾಯಿತು. ಇನ್ನು ರೇಡಿಯೇಟರಿಗೆ ಬೇಕಾದದ್ದು ನೀರು. ದಾರಿಯ ಪಕ್ಕದಲ್ಲೇ ಬಾವಿಯಿತ್ತು, ಹಗ್ಗ ಕೊಡ ಇದ್ದವು, ಕಾಯುವ ಆಳೂ ಇದ್ದ.

"ಯಾವ ಮಂದಿಯಪ್ಪಾ ನೀವು, ಅಂದ. ಸುಳ್ಳು ಹೇಳಲಿಲ್ರಿ," ಎನ್ನುತ್ತಾರೆ ಪರಮಣ್ಣ. "ಹಗ್ಗ ಮುಟ್ಟಬ್ಯಾಡ ಅಂದ. ನೀನರ ಸೇದಿ ಹಾಕೋ ಯಪ್ಪಾ, ಬಸ್ಸಿನ್ಯಾಗ ಹೆಣ್ಮಗಳು ಸಾಯಾಕತ್ತಾಳ ಅಂದೆ. ಗೌಡ್ರನ್ನ ಕೇಳದ ಸೇದಾಂಗಿಲ್ಲ ಅಂದ. ಕೈ ಮುಗದು ನಿಂತಿದ್ದೆ. ಅತ್ಲಾಗ ಆಕಿ ಒದರೂದು ಕೇಳಸ್ತಿತ್ತು."

ಮರದ ಕೆಳಗೆ ಬಿದ್ದುಕೊಂಡಿದ್ದ ಜಿಲಾನಿ ಪಾಷಾ ಕೊನೆಗೆ ಎದ್ದು ಬಂದರು. ರುಮಾಲನ್ನು ಹರಿದು ಅಂಗೈಗೆ ಸುತ್ತಿಕೊಂಡು ಹಗ್ಗ ಹಿಡಿದರು. ಆಳು ಅವರನ್ನು ತಡೆಯಲಿಲ್ಲ. ಪ್ರತಿ ಕೊಡಕ್ಕೂ ಬೊಬ್ಬೆಯೊಡೆದು ಬಟ್ಟೆ ಒದ್ದೆಯಾಗುತ್ತಿತ್ತು. ಇವತ್ತಿಗೂ ಅವರ ಬೆರಳುಗಳು ಪೂರ್ತಿ ಮಡಚುವುದಿಲ್ಲ. "ನಂದೇನು ದೊಡ್ಡದಲ್ರಿ, ಎದ್ದು ಹೋಗಾಕ ತಡ ಮಾಡಿದೆ," ಎಂದಷ್ಟೇ ಹೇಳಿ ಅವರು ಮುಖ ತಿರುಗಿಸುತ್ತಾರೆ.

ಅದೇ ಕೈಯಲ್ಲಿ ಜಿಲಾನಿ ಪಾಷಾ ಬಸ್ಸು ಹೊರಡಿಸಿದರು. ದಾರಿಯಲ್ಲೇ ಹೆಣ್ಣುಕೂಸು ಹುಟ್ಟಿ ಅತ್ತಿತು. ಆದರೆ ನೆತ್ತರು ನಿಲ್ಲಲಿಲ್ಲ. ರಾಯಚೂರಿನ ದೀಪಗಳು ಕಾಣುವ ಹೊತ್ತಿಗೆ ಹುಲಗೆಮ್ಮನ ಕೈ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಪರಮಣ್ಣ ಮನೆಗೆ ಹೋಗಲಿಲ್ಲ. ನೇರ ಷೆಡ್ಡಿಗೆ ಬಂದು ಅದೇ ಇಂಜಿನ್ನನ್ನು ಮತ್ತೆ ಬಿಚ್ಚಿದರು. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರು ಜೊತೆಯವರು.

"ವೈರಿನ ಹೆಣಿಕಿ ಭಾಳ ದಿನ ತಾಳಂಗಿಲ್ರಿ," ಎನ್ನುತ್ತಾರೆ ಅವರು. "ಮರದಿನ ಮತ್ತ್ಯಾವಕಿರ ಬಸರಿ ಅದ್ರಾಗ ಹತ್ತಿದ್ರ?"

ಈಗ ಹೈದರಾಬಾದಿನ ದೊರೆಯ ಆಳ್ವಿಕೆ ಹೋಗಿದೆ. ಆ ಬಾವಿಯ ಹಗ್ಗವನ್ನು ಪರಮಣ್ಣ ಇಂದಿಗೂ ಮುಟ್ಟುವಂತಿಲ್ಲ. ತಾವು ರಿಪೇರಿ ಮಾಡಿದ ಬಸ್ಸು ಹೊರಡುವ ಮುನ್ನ ಅವರು ಸೀಟಿನ ಕೆಳಗೆ ಎರಡು ದೊಡ್ಡ ಡಬ್ಬ ನೀರು ಇಡಿಸುತ್ತಾರೆ. ಭಾರವೆಂದು ಮಾಲೀಕರು ಗೊಣಗುತ್ತಾರೆ. ಪರಮಣ್ಣ ಕೇಳಿಸಿಕೊಳ್ಳುವುದಿಲ್ಲ.

ಮಗಳು ಮಾನಮ್ಮ ನೀರಮಾನ್ವಿಯಲ್ಲಿ ಅಜ್ಜಿ ಪಕೀರಮ್ಮನ ಬಳಿ ಬೆಳೆಯುತ್ತಿದ್ದಾಳೆ. ತಿಂಗಳಿಗೊಮ್ಮೆ ಪರಮಣ್ಣ ಅವಳನ್ನು ಬಸ್ಸಿನಲ್ಲಿ ರಾಯಚೂರಿಗೆ ಕರೆತರುತ್ತಾರೆ. ದಾರಿಯುದ್ದಕ್ಕೂ ಅವರ ಕಿವಿ ಇಂಜಿನ್ನಿನ ಮೇಲೆಯೇ.

"ನನಗ ಎದಿ ಡವಡವ ಅಂತಿರ್ತದ," ಎನ್ನುತ್ತ ಪರಮಣ್ಣ ಕೊನೆಯ ಬೋಲ್ಟು ಬಿಗಿದು ಕೈ ಒರೆಸಿಕೊಳ್ಳುತ್ತಾರೆ. "ಆಕಿಗೇನೂ ಇಲ್ರಿ. ಇಂಜಿನ್ ಚಾಲೂ ಆತಂದ್ರ ಸಾಕು, ನನ್ನ ತೊಡಿ ಮ್ಯಾಲ ಮಕ್ಕೊಂಡುಬಿಡ್ತಾಳ."