ಸ್ವಾತಿಯ ವಾಯ್ಸ್ ಮೆಸೇಜ್

ನಮ್ಮ ವಧು-ವರ ವಾಟ್ಸಾಪ್ ಗ್ರೂಪಿಗೆ ಸ್ವಾತಿಯ ಬಯೋಡೇಟಾ ಹಾಕಿದವಳು ನಾನೇ. ಫೋಟೋ, ಹಾಸ್ಟೆಲ್ ಹೆಸರು, ಮೊಬೈಲ್ ನಂಬರ್ ಎಲ್ಲ ಸಮೇತ.

ಅವಳು ಔರಾದದಲ್ಲಿರುವ ನನ್ನ ಅಣ್ಣನ ಮಗಳು. ಬೀದರಿನ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ.

ನಾನು ಭಾಲ್ಕಿಯಲ್ಲಿ ಟೀಚರ್. ಮೊಬೈಲ್ ಹೇಗೆ ಬಳಸಬೇಕು ಅಂತ ಮಕ್ಕಳಿಗೆ ದಿನಾ ಭಾಷಣ ಬಿಗಿಯುವವಳು... ಹೇಳೋದು ಪುರಾಣ, ತಿನ್ನೋದು ಬದನೆಕಾಯಿ!

ಒಳ್ಳೆಯ ಮನೆತನ ಸಿಗಲಿ ಅಂತ ಹಾಕಿದ್ದೆ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ ಅವಳ ಫೋನಿಗೆ ಯಾರ್ಯಾರದೋ ವಿಡಿಯೋ ಕಾಲ್, "ಹಾಯ್ ಡಿಯರ್". ಒಬ್ಬ ಮಹಾಶಯನಂತೂ ಅವಳ ಫೋಟೋವನ್ನೇ ತನ್ನ ಸ್ಟೇಟಸ್ಸಿಗೆ ಇಟ್ಟುಕೊಂಡಿದ್ದ. ಅದು ಸುತ್ತಿ ಬಳಸಿ ಅಣ್ಣನಿಗೆ ಮುಟ್ಟಿತು.

ಅಣ್ಣ ಬೆಂಕಿಯಾದ. ಹಾಸ್ಟೆಲೂ ಬೇಡ, ಓದೂ ಬೇಡ ಅಂತ ಅವಳನ್ನು ಔರಾದಕ್ಕೆ ಕರೆತಂದು ಫೋನ್ ಕಸಿದಿಟ್ಟ. ಪರೀಕ್ಷೆಗೆ ಎಂಟೇ ದಿನ ಉಳಿದಿತ್ತು.

ನನ್ನದೇ ತಪ್ಪು ಅಂತ ಅವಳಿಗೆ ಅದಕ್ಕೂ ಮೊದಲೇ ಫೋನಿನಲ್ಲಿ ಒಪ್ಪಿಕೊಂಡಿದ್ದೆ. ಬಸ್ ಹಿಡಿದು ಔರಾದಕ್ಕೆ ಹೋಗಿ ನೋಡಿದರೆ, ನಂಬರ್ ಯಾರು ಕೊಟ್ಟರು ಅಂತ ಅಣ್ಣ ಎಷ್ಟು ಗದರಿಸಿದರೂ ಅವಳು ನನ್ನ ಹೆಸರು ಹೇಳಿಲ್ಲ.

ನಾನೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಕೊನೆಗೆ ತಡೆಯಲಾರದೆ, "ಗ್ರೂಪಿಗೆ ಹಾಕಿದ್ದು ನಾನೇ, ಅಣ್ಣಾ" ಅಂದುಬಿಟ್ಟೆ. ಅಣ್ಣ ನನ್ನ ಮುಖ ಕೂಡ ನೋಡಲಿಲ್ಲ.

ಸ್ವಾತಿ ಎದ್ದು ಬಂದು ನನ್ನ ಫೋನ್ ಕೇಳಿದಳು. ಆ ಗ್ರೂಪ್ ತೆರೆದು, ಎಲ್ಲರೆದುರಿಗೇ ಮೈಕ್ ಒತ್ತಿ ಹಿಡಿದಳು.

"ನಮಸ್ಕಾರ್ರಿ. ನಾ ಸ್ವಾತಿ, ಫೋಟೋದಾಗಿನ ಹುಡುಗಿ. ಕೆಟ್ಟ ಮೆಸೇಜ್ ಮಾಡಿದವರ ಹೆಸರ ಹೇಳಿ ಅವರ ಮಾನ ಕಳಿಯಂಗಿಲ್ಲ. ಸ್ಕ್ರೀನ್‌ಶಾಟ್ ಇಟ್ಕೊಂಡೀನಿ, ಇನ್ನೊಮ್ಮಿ ಬಂದ್ರ ಪೊಲೀಸರಿಗಿ ಕೊಡ್ತೇನಿ. ನನ್ನ ನಂಬರ್ ಅಳಿಸಿಬಿಡ್ರಿ. ಪರೀಕ್ಷಾ ಅದ, ಓದಬೇಕ್ರಿ."

ಅಷ್ಟೇ. ದನಿ ಏರಲಿಲ್ಲ, ಒಂದು ಬೈಗುಳವಿಲ್ಲ. ಅಬ್ಬಾ! ಇಪ್ಪತ್ತೊಂದರ ಹುಡುಗಿಗೆ ಇಷ್ಟು ಗಟ್ಟಿತನ ಎಲ್ಲಿಂದ ಬಂತು?

ಗ್ರೂಪಿನ ಅಡ್ಮಿನ್ ಹಿರಿಯರು "ತಪ್ಪಾಯ್ತವ್ವ" ಅಂತ ಬರೆದು, ಸ್ವಾತಿಯದಷ್ಟೇ ಅಲ್ಲ, ಅಲ್ಲಿದ್ದ ಎಲ್ಲ ಹುಡುಗಿಯರ ಬಯೋಡೇಟಾ ಒಂದೊಂದಾಗಿ ತೆಗೆಯುತ್ತಾ ಬಂದರು. ಸಂಜೆಗೆ ಆ ಸ್ಟೇಟಸ್ಸೂ ಮಾಯ.

ಅಣ್ಣ ಮಗಳ ದನಿಯನ್ನು ಮೂರು ಸಲ ಹಾಕಿ ಕೇಳಿದ. ಕಣ್ಣು ಒರೆಸಿಕೊಂಡು, ಕಸಿದಿಟ್ಟ ಫೋನ್ ತಂದು ಅವಳ ಕೈಗಿತ್ತ.

"ನಾಳಿ ಮುಂಜಾನಿ ಬೀದರ್ ಬಸ್ಸಿಗಿ ಬಿಡ್ತೇನಿ, ಪುಸ್ತಕ ತುಂಬ್ಕೋ" ಅಂದ.

ನಿನ್ನೆ ಪರೀಕ್ಷೆ ಮುಗಿಯಿತು. ಸಂಜೆ ನಾವಿಬ್ಬರೂ ಇರುವ ಹಳೆಯ ಫೋಟೋ ಒಂದನ್ನು ಕಳಿಸಿದ್ದಾಳೆ. ಕೆಳಗೆ ಒಂದೇ ಸಾಲು... "ಅತ್ತಿ, ಇದು ಸ್ಟೇಟಸ್‌ಗಿ ಇಟ್ಕೊಳ್ಳಲೇನ್ರಿ?"

ಇಷ್ಟು ಸಣ್ಣ ಮಾತು ಅಂದು ಅವಳನ್ನು ಕೇಳಲು ನನಗೇನಾಗಿತ್ತು, ಹೇಳಿ?