ಮಂಗಳವಾರ ಎಂದದ್ದಕ್ಕೆ ನಕ್ಕ ಮರಿಸ್ವಾಮಣ್ಣ

ಇದು ೧೯೮೩. ನಾನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರ್, ಮಿಷನ್‌ಗಳ ದುರಸ್ತಿ ನೋಡುವವನು. ಬಿಸ್ಕತ್ತು, ಊದುಬತ್ತಿ, ಚಹಾಪುಡಿಗಳ ಹೊದಿಕೆ ಕಾಗದಕ್ಕೆ ಬಣ್ಣದ ಅಚ್ಚು ಹಾಕುವ ಕಾರ್ಖಾನೆ ಅದು. ನನ್ನ ಊರು ಸೋಸಲೆ. ದಿನಾ ನರಸೀಪುರಕ್ಕೆ ಬಂದು ಅಲ್ಲಿಂದ ನಂಜನಗೂಡಿನ ಬಸ್ಸು ಹತ್ತುತ್ತೇನೆ. ಕೆಲಸದ ಅನುಭವ ಬರೆಯುವವರು ಸಾಮಾನ್ಯವಾಗಿ ನಿವೃತ್ತರು, ತಲೆ ನರೆತವರು. ನನಗಿನ್ನೂ ಮೀಸೆಯೇ ನೆಟ್ಟಗೆ ಕೂಡಿಲ್ಲ. ಆದರೆ ಇದನ್ನು ನಿವೃತ್ತಿಯವರೆಗೆ ಇಟ್ಟುಕೊಂಡರೆ ಅಷ್ಟರಲ್ಲಿ ಇನ್ನೊಬ್ಬ ಯಾರೋ ಆ ಪೆಟ್ಟಿಗೆಯೊಳಗೆ ಮಲಗಿಬಿಟ್ಟಾನು ಎಂಬ ಭಯಕ್ಕೆ ಈಗಲೇ ಬರೆಯುತ್ತಿದ್ದೇನೆ.

ಆ ಪೆಟ್ಟಿಗೆಯ ಹೆಸರು ಹೀಟ್ ಎಕ್ಸ್‌ಚೇಂಜರ್. ಅಚ್ಚಾದ ಕಾಗದ ಒಣಗಲು ಬಿಸಿಗಾಳಿ ಬೇಕು. ಒಣಗಿಸಿದ ಗಾಳಿಯಲ್ಲಿ ಶಾಖ ಇನ್ನೂ ಉಳಿದಿರುತ್ತದೆ. ಅದನ್ನು ಸುಮ್ಮನೆ ಚಿಮಣಿಗೆ ಬಿಟ್ಟರೆ ಗಾಳಿ ಕಾಯಿಸಲು ಉರಿಸಿದ ಎಣ್ಣೆ ದಂಡ. ಅದಕ್ಕೇ ಆಳೆತ್ತರದ ಒಂದು ತಗಡಿನ ಪೆಟ್ಟಿಗೆಯಲ್ಲಿ ಸಾಲು ಸಾಲು ಕೊಳವೆಗಳನ್ನು ಇಟ್ಟಿರುತ್ತಾರೆ. ಕೊಳವೆಯ ಹೊರಗೆ ಹಳೆಯ ಬಿಸಿಗಾಳಿ, ಒಳಗೆ ಹೊಸ ತಣ್ಣನೆಯ ಗಾಳಿ. ಒಂದರ ಶಾಖ ಇನ್ನೊಂದಕ್ಕೆ ದಾಟುತ್ತದೆ, ಗಾಳಿ ಮಾತ್ರ ಬೆರೆಯುವುದಿಲ್ಲ. ಅತ್ತೆ ಸೊಸೆ ಒಂದೇ ಗೋಡೆಯ ಎರಡು ಕಡೆ ಇದ್ದ ಹಾಗೆ.

ತೊಂದರೆಯೆಂದರೆ ಹಳೆಯ ಗಾಳಿ ಬರಿಗೈಯಲ್ಲಿ ಬರುವುದಿಲ್ಲ. ಶಾಯಿಯ ಅಂಟು, ಕಾಗದದ ದೂಳು ಹೊತ್ತು ತಂದು ಕೊಳವೆಗಳಿಗೆ ಮೆತ್ತುತ್ತದೆ. ಅಂಟು ದಪ್ಪವಾದರೆ ಶಾಖ ದಾಟುವುದಿಲ್ಲ, ಕಾಗದ ಹಸಿಯಾಗಿಯೇ ಸುರುಳಿ ಸುತ್ತಿಕೊಂಡು ಒಂದಕ್ಕೊಂದು ಹತ್ತಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ಅಂಟಿಗೆ ಬೆಂಕಿ ತಗುಲಬಹುದು. ಆದ್ದರಿಂದ ಆಗಾಗ ಮಿಷನ್ ನಿಲ್ಲಿಸಿ, ಪೆಟ್ಟಿಗೆ ಆರಿದ ಮೇಲೆ ಒಬ್ಬ ಒಳಗೆ ತೂರಿ ಮರದ ಚಕ್ಕೆಯಿಂದ ಕೆರೆದು, ಶಾಯಿ ಕರಗಿಸುವ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು.

ಒಳಗೆ ತೂರುವವರು ಮರಿಸ್ವಾಮಣ್ಣ. ಬದನವಾಳಿನ ಕಡೆಯವರು, ನಮ್ಮೆಲ್ಲರಿಗಿಂತ ಹಿರಿಯ ಫಿಟ್ಟರ್. ಬಾಗಿಲ ಬಳಿ ಕೂತು ಬಟ್ಟೆ ಅದ್ದಿ ಕೊಡುವವನು ನಾನು. ನನಗೊಂದು ಚಟ. ಯಾರ ದನಿಯನ್ನಾದರೂ ಅನುಕರಿಸುತ್ತಿದ್ದೆ. ಬನ್ನೂರು ಬಸ್ಸಿನ ಕಂಡಕ್ಟರ್, ಕ್ಯಾಂಟೀನ್ ಭಟ್ಟರು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಎಂಜಿನಿಯರ್ ವಾಸುದೇವ ರಾಯರು. ರಾಯರು ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಂಡು, "ಹ್ಞಂ, ವಿಷಯ ಏನಪ್ಪಾ ಅಂದ್ರೆ" ಎನ್ನುತ್ತಿದ್ದರು. ನಾನು ಹಾಗಂದರೆ ಇಡೀ ಷಿಫ್ಟು ನಗುತ್ತಿತ್ತು, ಮರಿಸ್ವಾಮಣ್ಣ ಒಬ್ಬರನ್ನು ಬಿಟ್ಟು. ನಾನು ಸೇರಿದಾಗಿನಿಂದ ಆ ಮುಖ ಸಡಿಲಾದದ್ದನ್ನು ಕಂಡಿರಲಿಲ್ಲ. "ಬಾಯ್ ಮುಚ್ಕಂಡು ಬಟ್ಟೆ ಕೊಡ್ಲಾ" ಎನ್ನುವುದೇ ಅವರ ಚಪ್ಪಾಳೆ.

ಈ ವರ್ಷದ ಬೇಸಿಗೆಯಲ್ಲಿ ಒಂದು ದೊಡ್ಡ ಆರ್ಡರ್ ಇತ್ತು. ಮಿಷನ್ ನಿಲ್ಲಿಸಲು ಬಿಡದೆ ಒಂದು ಸಲದ ಶುಚಿ ಕೆಲಸ ತಪ್ಪಿಹೋಗಿತ್ತು. ಮುಂದಿನ ಸಲ ಬಾಗಿಲು ತೆಗೆದರೆ ಕೆಳಗಿನ ಸಾಲಿನ ಅಂಟು ಕಲ್ಲಾಗಿ ಕೂತಿತ್ತು. ಮರಿಸ್ವಾಮಣ್ಣ ಒಂದು ಮಗ್ಗುಲಾಗಿ ಮಲಗಿ, ಕಾಲು ಬಾಗಿಲ ಕಡೆ ಚಾಚಿ, ಕೆರೆಯತೊಡಗಿದರು. ಸ್ವಲ್ಪ ಹೊತ್ತಿಗೆ ಕೈಯನ್ನು ಬಾಗಿಲ ಕಡೆ ಹಿಂದಕ್ಕೆ ಚಾಚಿದರು.

"ಡಬ್ಬಾನೇ ಕೊಡ್ಲಾ ಇತ್ತ."

"ಥಿನ್ನರ್ ಡಬ್ಬ ಒಳೀಕೆ ಬ್ಯಾಡ ಕಣಣ್ಣೋ. ಅದ್ದಿ ಕೊಡ್ತೀನಿ."

"ಒಂದೊಂದ್ ಬಟ್ಟೆ ಅದ್ದಿ ಅದ್ದಿ ಕೊಡ್ತಾ ಕೂತ್ರೆ ಒತ್ತು ಮುಳುಗ್ತದೆ. ಕೊಡ್ಲಾ ಅಂದ್ರೆ!"

ಹಿರಿಯರ ಮಾತು, ಡಬ್ಬ ಒಳಗೆ ಹೋಯಿತು. ಕೆರೆದ ದೂಳು ಕಣ್ಣಿಗೆ ರಾಚುತ್ತದೆಂದು ಅವರೇ ಹೇಳಿ, ಪೆಟ್ಟಿಗೆಯೊಳಗೆ ಗಾಳಿ ಹಾಯಿಸುವ ಫ್ಯಾನನ್ನೂ ನಿಲ್ಲಿಸಿದ್ದರು. ಥಿನ್ನರ್ ವಾಸನೆ ನಮಗೆ ಹೊಸದಲ್ಲ. ಕಾರ್ಖಾನೆಯ ಗೋಡೆಗೂ ನಮ್ಮ ಊಟದ ಡಬ್ಬಿಗೂ ಅದೇ ವಾಸನೆ. ಅದು ಹೆಚ್ಚಾಗಿದೆಯೆಂದು ಹೇಳಲು ಯಾರ ಮೂಗೂ ಉಳಿದಿರಲಿಲ್ಲ.

ಹೊತ್ತು ಕಳೆಯಲು ನಾನು ಎಂದಿನಂತೆ ರಾಯರ ದನಿ ತೆಗೆದೆ. "ಹ್ಞಂ, ವಿಷಯ ಏನಪ್ಪಾ ಅಂದ್ರೆ, ಮರಿಸ್ವಾಮಿ..."

ಒಳಗಿನಿಂದ ನಗು ಬಂತು.

ನಾನು ಉಬ್ಬಿಹೋದೆ. ಕೊನೆಗೂ ಕಲ್ಲು ಕರಗಿತು! ಕೂಡಲೇ ಕಂಡಕ್ಟರನನ್ನು ಕರೆತಂದೆ. ಇನ್ನೂ ದೊಡ್ಡ ನಗು. ಭಟ್ಟರನ್ನು ಎಳೆದು ತಂದೆ. ಭಟ್ಟರ ದನಿ ಅವತ್ತು ನನಗೇ ಸರಿ ಬರಲಿಲ್ಲ, ಆದರೂ ಒಳಗೆ ತಗಡು ಬಡಿದು ಬಡಿದು ನಗುತ್ತಿದ್ದಾರೆ. ಆಗ ನಾನು ಆಟ ನಿಲ್ಲಿಸಿದೆ. ಆಟ ಕಟ್ಟುವವನಿಗೆ ಒಂದು ಗೊತ್ತಿರುತ್ತದೆ, ತನ್ನ ಸರಕಿನ ಬೆಲೆ. ನಾನು ಮಾಡಿದ್ದು ಅಷ್ಟು ನಗುವಷ್ಟು ಚೆನ್ನಾಗಿರಲಿಲ್ಲ.

ಪರೀಕ್ಷೆಗೆಂದು ನನ್ನದೇ ದನಿಯಲ್ಲಿ, ಸಪ್ಪಗೆ ಹೇಳಿದೆ. "ಅಣ್ಣ, ಇವತ್ತು ಮಂಗಳವಾರ."

ಮರಿಸ್ವಾಮಣ್ಣ ಉಸಿರು ಸಿಕ್ಕಿಕೊಳ್ಳುವಂತೆ ನಕ್ಕರು.

ಥಿನ್ನರ್ ಆವಿ ಮೊದಲು ಮತ್ತೇರಿಸುತ್ತದೆ, ಆಮೇಲೆ ಮಲಗಿಸುತ್ತದೆ, ಕೊನೆಗೆ ಉಸಿರನ್ನೇ ನಿಲ್ಲಿಸುತ್ತದೆ ಎಂದು ಐ.ಟಿ.ಐ.ನಲ್ಲಿ ಓದಿದ್ದೆ. ನಾನು ಕಿರುಚಿದ ದನಿಗೆ ಮಿಷನ್ ಬಳಿಯಿಂದ ರಾಯರು ಓಡಿ ಬಂದರು. ಬಾಗಿಲಿಗೆ ಬಾಯಿಟ್ಟು ಕೂಗಿದರು. "ಮರಿಸ್ವಾಮಿ, ಈಗಲೇ ಹೊರಗೆ ಬಾರಯ್ಯ!"

ಒಳಗಿನಿಂದ ತೊದಲು ಮಾತು. "ಲೇ... ಥೇಟು ಸಾಯೇಬ್ರಂಗೇ ಮಾಡ್ತೀಯಲ್ಲಾ..." ಮತ್ತೆ ನಗು. ರಾಯರು ಇನ್ನೊಮ್ಮೆ ಗಟ್ಟಿಯಾಗಿ ಕೂಗಿದರು. ಈ ಸಲ ನಗು ನಡುವೆಯೇ ನಿಂತಿತು. 

ನಾನು ಒಳಗೆ ನುಗ್ಗಹೊರಟೆ. ರಾಯರು ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಗಂಟಲು ಸರಿಮಾಡಿಕೊಳ್ಳಲಿಲ್ಲ, 'ವಿಷಯ ಏನಪ್ಪಾ' ಇರಲಿಲ್ಲ. "ನೀನೂ ಒಳಗೆ ಹೋದ್ರೆ ಇಬ್ಬರನ್ನ ಎಳೀಬೇಕಾಗತ್ತೆ. ಉಸಿರು ಬಿಗಿ ಹಿಡಿ. ಸೊಂಟದವರೆಗೆ ಮಾತ್ರ ಬಗ್ಗು. ಕಾಲು ಸಿಗತ್ತೆ, ಎಳಿ." ಅವರು ನನ್ನ ಸೊಂಟಕ್ಕೆ ಜೋತುಬಿದ್ದರು. ನಾನು ಮರಿಸ್ವಾಮಣ್ಣನ ಪಾದ ಹಿಡಿದೆ. ಮೊದಲ ಸಲ ಕೈ ಜಾರಿತು. ಹೊರಗೆ ಬಂದು ಉಸಿರು ಎಳೆದುಕೊಂಡು ಮತ್ತೆ ಬಗ್ಗಿ, ಎರಡೂ ಕಾಲಿನ ಹರಡು ಹಿಡಿದು ಎಳೆದೆ. ಬಂದರು.

ಹೊರಗಿನ ಹೊಂಗೆಮರದ ಕೆಳಗೆ ಹೊತ್ತೊಯ್ದು ಮಲಗಿಸಿ ಅಂಗಿ ಹರಿದೆವು. ತುಟಿ ನೀಲಿಯಾಗಿತ್ತು. ರಾಯರು ಬಾಯಿಗೆ ಬಾಯಿಟ್ಟು ಉಸಿರು ಊದಿದರು. ಜಪ ಮಾಡದೆ ನೀರು ಮುಟ್ಟದ ಮನುಷ್ಯ, ಶಾಯಿ ಮೆತ್ತಿದ ಆ ಬಾಯಿಗೆ ಮತ್ತೆ ಮತ್ತೆ ಊದುತ್ತಿದ್ದರು. ಕೊನೆಗೊಮ್ಮೆ ಮರಿಸ್ವಾಮಣ್ಣ ಕೆಮ್ಮಿ, ವಾಂತಿ ಮಾಡಿದರು. ರಾಯರು ನೆಲಕ್ಕೆ ಕೂತುಬಿಟ್ಟರು. ಸರಕಿನ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದೆವು. ಅವತ್ತು ಮಿಷನ್ ಯಾವಾಗ ಶುರುವಾಗುತ್ತದೆಂದು ಮೇಲಿನವರು ಫೋನು ಮಾಡಿದಾಗ ರಾಯರು, "ಪೆಟ್ಟಿಗೆ ಕ್ಲೀನ್ ಆದ ಮೇಲೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಮರಿಸ್ವಾಮಣ್ಣ ಕೇಳಿದರು. "ನಾ ನಗ್ತಿದ್ನಂತೆ?"

"ಊಂ ಅಣ್ಣ."

"ಏನಂದಿದ್ದೆ ನೀನು?"

"ಇವತ್ತು ಮಂಗಳವಾರ ಅಂದೆ."

ಮಗ್ಗುಲಾಗಿ ನನ್ನ ಕಡೆ ತಿರುಗಿದರು. "ಅದ್ರಲ್ಲಿ ನಗಾಕೇನದ್ಲಾ?"

ಆಮೇಲೆ ನಮ್ಮಲ್ಲಿ ಕ್ರಮ ಬದಲಾಯಿತು. ಡಬ್ಬ ಒಳಗೆ ಹೋಗುವುದಿಲ್ಲ, ಫ್ಯಾನು ನಿಲ್ಲುವುದಿಲ್ಲ, ಶುಚಿ ಕೆಲಸ ಯಾವ ಆರ್ಡರಿಗೂ ತಪ್ಪುವುದಿಲ್ಲ. ಒಳಗಿದ್ದವನ ಸೊಂಟಕ್ಕೆ ಹಗ್ಗ. ಬಾಗಿಲಲ್ಲಿ ಕೂತವನು ಪ್ರಶ್ನೆ ಕೇಳುತ್ತಲೇ ಇರಬೇಕು, ಒಳಗಿನವನು ಉತ್ತರಿಸುತ್ತಲೇ ಇರಬೇಕು. ಉತ್ತರ ತಪ್ಪಿದರೆ ಎಳೆಯುವುದು. ವಿಚಾರಣೆ ಆಮೇಲೆ.

ಒಳಗೆ ಹೋಗಬಾರದೆಂದು ಡಾಕ್ಟರು ಮರಿಸ್ವಾಮಣ್ಣನಿಗೆ ಹೇಳಿದ್ದಾರೆ. ಈಗ ಒಳಗೆ ತೂರುವವನು ನಾನು, ಬಾಗಿಲಲ್ಲಿ ಹಗ್ಗ ಹಿಡಿದು ಕೂರುವವರು ಅವರು. ಚಟ ಬಿಟ್ಟಿಲ್ಲ. ಒಳಗಿನಿಂದ ರಾಯರ ದನಿ ತೆಗೆಯುತ್ತೇನೆ. "ಹ್ಞಂ, ವಿಷಯ ಏನಪ್ಪಾ ಅಂದ್ರೆ..."

"ಅದೆಲ್ಲ ಬ್ಯಾಡ. ನರಸೀಪುರದಿಂದ ನಿನ್ ಬಸ್ಸು ಎಲ್ಲೆಲ್ ನಿಲ್ತದೆ? ಸಾಲಾಗ್ ಏಳ್ಲಾ."

ಹೇಳುತ್ತಾ ಹೋಗುತ್ತೇನೆ, ಒಂದೊಂದೇ ಊರು, ಒಂದೊಂದೇ ಕೊಳವೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಇಂಥ ಪೆಟ್ಟಿಗೆಯೊಳಗೆ ಹೋಗುವವನಿಗೆ ಬಾಗಿಲಲ್ಲಿ ತನ್ನ ಮಾತಿಗೆ ನಗದ ಒಬ್ಬ ಮನುಷ್ಯ ಕೂತಿರಬೇಕು.