ಹಡಗು ಹತ್ತಿದ ಗಿರಣಿಯಣ್ಣ

ನಮ್ಮನೆಯವರಿಗೆ ಪಿಸುಮಾತು ಅನ್ನೋದೇ ಗೊತ್ತಿಲ್ಲ. ಹಿಟ್ಟಿನ ಗಿರಣಿ ನಡೆಸೋರಿಗೆ ಅದು ಎಲ್ಲಿಂದ ಬರಬೇಕು ಹೇಳಿ? ಬೆಳಗ್ಗೆ ಮೋಟಾರು ಹಾಕಿದ್ರೆ ಬೆಲ್ಟು ಪಟಪಟ, ಕಲ್ಲು ಗರಗರ, ತಗಡಿನ ಚಾವಣಿಯೆಲ್ಲ ನಡುಗೋದು. ಅದನ್ನ ಮೀರಿ ಕೇಳಿಸಬೇಕು ಅಂದ್ರೆ ಗಂಟಲು ಹರ್ಕೋಬೇಕು. ಅವರು ಮನೆಗೆ ಬಂದು “ಉಪ್ಪು ಕೊಡೇ” ಅಂದ್ರೆ ಎದುರುಮನೆಯವರು ಉಪ್ಪಿನ ಡಬ್ಬಿಗೆ ಕೈ ಹಾಕಬೇಕು, ಅಂಥ ದನಿ. ಎಲ್ಲರ ಬಾಯಲ್ಲೂ ಅವರು ಗಿರಣಿಯಣ್ಣ. ಅವರನ್ನ ಕಟ್ಟಿಕೊಂಡ ತಪ್ಪಿಗೆ ನಾನು ಗಿರಣಿಯಕ್ಕ.

ಅವರನ್ನ ನಾನು ಮೊದಲು ನೋಡಿದ್ದು ಗೋಧಿ ಡಬ್ಬ ಹೊತ್ತು ಸಾಲಲ್ಲಿ ನಿಂತಾಗ. ಕಣ್ರೆಪ್ಪೆ ತನಕ ಹಿಟ್ಟು, ನಡುವೆ ಎರಡು ಕಪ್ಪು ಕಣ್ಣು. ನನ್ನ ಸರದಿ ಬಂದಾಗ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಜ್ಜಿ ತೋರಿಸಿದ್ರು, ಆಮೇಲೆ ಮುಷ್ಟಿ ಕಟ್ಟಿ ಅಲ್ಲಾಡಿಸಿದ್ರು. ನಾನು ಏನೂ ತಿಳೀದೆ ಪಿಳಿಪಿಳಿ ಕಣ್ಣು ಬಿಟ್ಟೆ.

“ನುಣ್ಣಗಾ? ತರಿಯಾ?” ಅಂತ ಕೂಗಿದ್ರು.

“ನುಣ್ಣಗೇ!” ಅಂತ ನಾನೂ ಕೂಗಿದೆ.

ನಮ್ಮಿಬ್ಬರ ಮೊದಲ ಮಾತು ಅದೇ. ಅವತ್ತಿಂದ ನಮ್ಮನೇಲಿ ಹಿಟ್ಟು ಯಾಕೋ ಬೇಗ ಬೇಗ ಮುಗಿಯೋಕೆ ಶುರುವಾಯ್ತು. “ಇಲಿ ಏನಾದ್ರೂ ಸೇರ್ಕೊಂಡಿದೆಯೇನೇ?” ಅಂತ ನಮ್ಮಮ್ಮ ಡಬ್ಬದೊಳಗೆ ಇಣುಕಿ ಇಣುಕಿ ನೋಡೋರು.

ಒಂದು ದಿನ ಆ ಗಿರಣಿ ಇಲಿ ನನ್ನ ಕಡೆ ಬಗ್ಗಿ, “ನನ್ನ ಮದುವೆ ಆಗ್ತೀಯಾ?” ಅಂತ ಕೇಳೇಬಿಡ್ತು. ಗಿರಣಿ ಸದ್ದಲ್ಲಿ ಯಾರಿಗೆ ಕೇಳಿಸತ್ತೆ ಅನ್ನೋ ಧೈರ್ಯದ ಮೇಲೆ ನಾನು ಇದ್ದಬದ್ದ ಉಸಿರೆಲ್ಲ ಸೇರಿಸಿ “ಆಗ್ತೀನಿ!” ಅಂತ ಕೂಗೋಕೂ ಕರೆಂಟು ಹೋಗೋಕೂ ಸರಿಹೋಯ್ತು. ಕಲ್ಲು ನಿಂತಿತು. ಸಾಲಲ್ಲಿದ್ದ ಅಷ್ಟೂ ಜನ ನನ್ನ ಮುಖ ನೋಡಿದ್ರು. ಮುಂದೆ ನಿಂತಿದ್ದ ಒಬ್ಬ ಅಜ್ಜಿ, “ಆಗಮ್ಮಾ ತಾಯಿ, ಧಾರಾಳವಾಗಿ ಆಗು. ಮೊದಲು ನನ್ನ ಹಿಟ್ಟು ಬೀಸಿಕೊಡೋಕೆ ಹೇಳು,” ಅಂದ್ರು. ನಮ್ಮಪ್ಪನಿಗೆ ಸುದ್ದಿ ಮುಟ್ಟಿಸೋ ತಾಪತ್ರಯವೂ ತಪ್ಪಿತು. ನಾನು ಮನೆ ಮುಟ್ಟೋದರೊಳಗೆ ಸುದ್ದಿ ಮುಟ್ಟಿತ್ತು.

ಮದುವೆಯಾದ ಮೇಲೆ ನಾನು ತಕ್ಕಡಿ ಹತ್ರ, ಅವರು ಕಲ್ಲಿನ ಹತ್ರ. ದಿನವಿಡೀ ಕೂಗು, ಇಲ್ಲ ಅಂದ್ರೆ ಸನ್ನೆ. ಜಗಳವೂ ಕೂಗಿಯೇ, ಸರಸವೂ ಕೂಗಿಯೇ. ನಾನು ಸುಸ್ತಾಗಿ ಮುಖ ಬಾಡಿಸಿಕೊಂಡು ಕೂತಿದ್ರೆ ಅವರು ಅಲ್ಲಿಂದಲೇ ಅಂಗೈಯಿಂದ ಎದೆ ತಟ್ಟಿಕೊಳ್ಳೋರು, ನಾನಿದ್ದೀನಿ ಅಂತ. ನೀಲಿ ಅಂಗಿ ಮೇಲೆ ಹಿಟ್ಟಿನ ಹಸ್ತ ಮೂಡೋದು. ಆ ಅಂಗಿ ಒಗೆಯೋವಾಗ ಬೈಯ್ಕೊಂಡೇ ಒಗೀತಿದ್ದೆ, ಆದ್ರೆ ಆ ಗುರುತು ಕಾಣದ ದಿನ ಏನೋ ಕಳೆದುಕೊಂಡ ಹಾಗಿರೋದು.

ಎಲ್ಲ ಕಡೆ ಆದ ಹಾಗೆ ನಮ್ಮಲ್ಲೂ ಪ್ಯಾಕೆಟ್ ಹಿಟ್ಟು ಬಂತು. ಸಾಲು ಸಣ್ಣಗಾಯ್ತು, ಆಮೇಲೆ ಸಾಲೇ ಇಲ್ಲ. ಕೊನೆಗೆ ಮೋಟಾರು ಬಿಚ್ಚಿ ಮಾರಿದ್ವಿ. ಮಾರನೇ ದಿನ ನಮ್ಮನೆಯವರು ಎದ್ದು ಸ್ನಾನ ಮಾಡಿ, ಎಲ್ಲಿಗೆ ಹೋಗಬೇಕು ಅಂತ ತಿಳೀದೆ ಬಾಗಿಲಲ್ಲಿ ನಿಂತಿದ್ರು. ಪಕ್ಕದ ಬೀದಿಯಲ್ಲೇ ಇರೋ ಮಗಳು, ಆಸ್ಪತ್ರೆಯಲ್ಲಿ ನರ್ಸು, ಇದನ್ನೆಲ್ಲ ನೋಡಿ ಹಡಗಿನ ಟಿಕೆಟ್ ತಂದು ಕೈಗಿಟ್ಟಳು. “ಒಂದು ವಾರ ಸಮುದ್ರ ನೋಡ್ಕೊಂಡು ಬನ್ನಿ. ಅಪ್ಪಾ, ಅಲ್ಲಿ ದೊಡ್ಡ ದೊಡ್ಡ ಜನ ಇರ್ತಾರೆ, ಸ್ವಲ್ಪ ಮೆತ್ತಗೆ ಮಾತಾಡು. ಅಮ್ಮಾ, ನೀನೇನು ಕಮ್ಮಿ ಇಲ್ಲ, ನಿನಗೂ ಅಷ್ಟೇ.”

ಹಡಗಿನ ಕೋಣೆ ಚೊಕ್ಕವಾಗಿತ್ತು. ಗುಂಡು ಕಿಟಕಿ, ಸುಕ್ಕಿಲ್ಲದ ಹಾಸಿಗೆ, ತಿರುಗಿದ್ರೆ ಮೊಣಕೈ ತಗಲೋ ಬಚ್ಚಲು. ಊಟದ ಹಾಲ್ ಮಾತ್ರ ಮದುವೆಮನೆಯಷ್ಟು ದೊಡ್ಡದು, ಆದ್ರೆ ಸದ್ದೇ ಇಲ್ಲ! ನೆಲಕ್ಕೆಲ್ಲ ರತ್ನಗಂಬಳಿ, ಚಮಚ ತಟ್ಟೆಗೆ ತಗಲೋದೂ ನಾಚಿಕೊಂಡೇ. ಕೂತ ಕೂಡಲೇ ನಮ್ಮನೆಯವರು ಬ್ರೆಡ್ ಮುರಿದು ಬೆರಳಲ್ಲಿ ಉಜ್ಜಿ, “ಲೇ! ಹಿಟ್ಟು ಎಷ್ಟು ಚೆನ್ನಾಗಿ ಬೀಸಿದ್ದಾರೆ ನೋಡೇ!” ಅಂದ್ರು. ಹಾಲ್‌ಗೆ ಹಾಲ್ ತಿರುಗಿತು. ಒಬ್ಬಾಕೆ ಎದೆ ಹಿಡ್ಕೊಂಡಳು. ನಾನು ಮೇಜಿನ ಕೆಳಗೆ ಕಾಲು ತುಳಿದೆ. ಅವರು ಬ್ರೆಡ್ ತಟ್ಟೆಯಲ್ಲಿಟ್ಟು ಬಾಯಿಗೆ ಬೀಗ ಹಾಕಿದ್ರು.

ಅಲ್ಲಿಂದ ನಾನು ದೊಡ್ಡ ಮನುಷ್ಯಳಾದೆ ನೋಡಿ. ಎಲ್ಲರ ಹಾಗೆ ತುಟಿ ತುದಿಯಲ್ಲೇ ಮಾತು. “ಸಮುದ್ರ ನೋಡ್ರೀ.” ಉತ್ತರವಿಲ್ಲ. “ಕಾಫಿ ಕುಡಿಯೋಣ್ವಾ?” ಊಹೂಂ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಎರಡನೇ ದಿನ ನಮ್ಮ ಮೇಜಿಗೆ ಬಂದ ನಿವೃತ್ತ ಟೀಚರಮ್ಮ, “ನೀವು ಯಾವ ಕೆಲಸದಲ್ಲಿದ್ರಿ?” ಅಂತ ಮೃದುವಾಗಿ ಕೇಳಿದ್ರೆ ಇವರು ನಕ್ಕು, “ಹೌದು ಹೌದು, ಗಾಳಿ ಚೆನ್ನಾಗಿದೆ,” ಅಂತ ಸಣ್ಣ ದನಿಯಲ್ಲಿ ಅಂದ್ರು. ಬೇಕಂತಲೇ ನನ್ನ ಮಾನ ಕಳೀತಿದ್ದಾರೆ ಅಂತ ಮೈಯೆಲ್ಲ ಉರೀತು.

ಕೋಪ ಆರಿದ ಮೇಲೆ ಭಯ ಶುರುವಾಯ್ತು. ಹಡಗಿನ ಮೇಲಿನ ಡೆಕ್ಕಿನ ಕುರ್ಚಿಗಳಲ್ಲಿ ಪಕ್ಕಪಕ್ಕ ಕೂತಿದ್ವಿ, ಮುಂದೆ ಬರೀ ನೀರು. ಗಿರಣಿಯಲ್ಲಿ ಆ ಗದ್ದಲದ ನಡುವೆಯೂ ಅಷ್ಟು ಮಾತಾಡ್ತಿದ್ದ ಮನುಷ್ಯನಿಗೆ ಈಗ ನನ್ನ ಹತ್ರ ಹೇಳೋಕೆ ಏನೂ ಉಳಿದಿಲ್ವಾ? ಮೋಟಾರಿನ ಜೊತೆ ಇವರ ಮಾತನ್ನೂ ಮಾರಿಬಿಟ್ವಾ? ಇನ್ನುಳಿದ ಆಯಸ್ಸೆಲ್ಲ ಹೀಗೇ ಕಳೀಬೇಕಾ? ಆ ಹಾಳು ಗಿರಣಿ, ಆ ಧೂಳು, ಆ ಸಾಲು, ಎಲ್ಲ ಒಂದೇ ಒಂದು ದಿನಕ್ಕೆ ವಾಪಸ್ ಬರಲಿ ಅನ್ನಿಸಿ ಅಳು ಬಂತು.

ಮೂರನೇ ದಿನ ಬೆಳಗ್ಗೆ ಅವರು ಗುಂಡು ಕಿಟಕಿಗೆ ಮುಖ ಕೊಟ್ಟು ನಿಂತಿದ್ರು. ನಾನು ಹಿಂದಿನಿಂದ, “ರೀ, ಬರ್ತೀರಾ ತಿಂಡಿಗೆ?” ಅಂದೆ. ಅಲುಗಾಡಲಿಲ್ಲ. ನನ್ನ ಸಹನೆ ಮುಗೀತು. ಆದ್ರೂ ಪಕ್ಕದ ಕೋಣೆಗೆ ಕೇಳಿಸಬಾರದು ನೋಡಿ, ಅದಕ್ಕೆ ಹಲ್ಲು ಕಚ್ಚಿಕೊಂಡೇ ಅಂದೆ: “ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕು. ದಡ ಮುಟ್ಟಿದ ಕೂಡಲೇ ನಾನು ತಂಗಿ ಮನೆಗೆ ಹೋಗ್ತೀನಿ. ನೀವು ನಿಮ್ಮ ಮೌನ ಕಟ್ಕೊಂಡು ಸುಖವಾಗಿರಿ.”

ಅವರು ತಿರುಗಿದ್ರು, ಮುಖದಲ್ಲಿ ನಗು. “ಅಲ್ನೋಡೇ, ಮೀನು ಹಾರ್ತಿದೆ!” ಅಂದವರು ನನ್ನ ಕಣ್ಣೀರು ನೋಡಿ ಗಾಬರಿಯಾದ್ರು. “ಅಯ್ಯೋ, ಏನಾಯ್ತೇ? ನೀನು ಹಡಗು ಹತ್ತಿದಾಗಿಂದ ನನ್ನ ಹತ್ರ ಒಂದು ಮಾತಾಡಿಲ್ಲ. ಬರೀ ತುಟಿ ಅಲ್ಲಾಡತ್ತೆ. ಒಳಗೊಳಗೇ ಬೈಯ್ಕೊಳ್ತಿದ್ದೀಯ ಅಂದ್ಕೊಂಡೆ. ಗಿರಣಿ ಮುಚ್ಚಿದ್ದಕ್ಕೆ ಕೋಪಾನಾ? ನಾನು ನಿನ್ನನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತಾನಾ?”

ನಾನು ಹಾಗೇ ಹಾಸಿಗೆ ಮೇಲೆ ಕೂತೆ. ಟೀಚರಮ್ಮ ಕೇಳಿದ್ದು, ಇವರು ಗಾಳಿ ಚೆನ್ನಾಗಿದೆ ಅಂದಿದ್ದು, ಎಲ್ಲ ಒಂದೊಂದಾಗಿ ಹೊಳೀತು. ಗಿರಣಿ ಇವರ ಕಿವಿಯನ್ನ ಎಂದೋ ತಿಂದು ಮುಗಿಸಿತ್ತು. ಕಟ್ಟಿಕೊಂಡ ನನಗೇ ಅದು ಗೊತ್ತಾಗಿರಲಿಲ್ಲ. ಗೊತ್ತಾಗೋದಾದ್ರೂ ಹೇಗೆ? ಜೀವಮಾನದಲ್ಲಿ ನಾನು ಅವರ ಹತ್ರ ಒಂದು ಸಲವಾದ್ರೂ ಮೆತ್ತಗೆ ಮಾತಾಡಿದ್ರೆ ತಾನೇ?

ಮುಖ ತೊಳ್ಕೊಂಡು ಅವರ ಕೈ ಹಿಡ್ಕೊಂಡು ತಿಂಡಿಗೆ ಹೋದೆ. ನನ್ನನ್ನ ಕೂರಿಸಿ ಅವರು ತಟ್ಟೆ ತರೋಕೆ ಹಾಲ್‌ನ ಆ ತುದಿಗೆ ಹೋದ್ರು. ಸಾಲಲ್ಲಿ ನಿಂತು, ನಾನು ಇನ್ನೂ ಅಳ್ತಿದ್ದೀನಾ ಅಂತ ಕತ್ತು ಉದ್ದ ಮಾಡಿ ನೋಡ್ತಿದ್ರು. ಸುತ್ತ ಅದೇ ಪಿಸಪಿಸ, ಅದೇ ಚಮಚದ ನಾಚಿಕೆ. ಅವತ್ತು ಗಿರಣಿಯಲ್ಲಿ ಕರೆಂಟು ಹೋಗಿ ನನ್ನ ಮಾನ ಹೋಗಿತ್ತು. ಇವತ್ತು ಹೋಗೋದಾದ್ರೆ ಹೋಗಲಿ ಅಂತ ಎದ್ದು ನಿಂತೆ.

“ರೀ! ಗಿರಣಿಯಣ್ಣಾ! ನಾನು ಕೋಪ ಮಾಡ್ಕೊಂಡಿಲ್ಲಾ!”

ಹಾಲ್‌ಗೆ ಹಾಲ್ ತಿರುಗಿತು. ಟೀಚರಮ್ಮನ ಕೈಯಿಂದ ಚಮಚ ಜಾರಿತು. ನಮ್ಮನೆಯವರ ಮುಖ ಹೇಗೆ ಅರಳಿತು ಅಂದ್ರೆ, ಗೋಧಿ ಡಬ್ಬ ಹೊತ್ತು ನಿಂತ ಹುಡುಗಿಗೆ ಕಂಡ ಆ ಮುಖವೇ, ಹಿಟ್ಟು ಒಂದಿಲ್ಲ ಅಷ್ಟೇ. ಕೈಲಿದ್ದ ಎರಡೂ ತಟ್ಟೆ ಕೆಳಗಿಟ್ಟು, ಅಂಗೈಯಿಂದ ಎದೆ ತಟ್ಟಿಕೊಂಡ್ರು. ಆಮೇಲೆ ಅಷ್ಟು ದೂರದಿಂದ, ಅಷ್ಟು ಜನರ ತಲೆ ಮೇಲಿಂದ ಕೂಗಿದ್ರು:

“ನುಣ್ಣಗಾ? ತರಿಯಾ?”

“ನುಣ್ಣಗೇ!” ಅಂದೆ.